ಬೀಗರ ಹಾಡಿಗೆ ಇಂಗ್ಲಿಷ್ ಒಗ್ಗರಣೆ

ಮುಳಬಾಗಿಲು ಸೀಮೆಯಲ್ಲಿ ಬೀಗರನ್ನು ಬೈಯುವುದು ಹೆಂಗಸರ ಕೆಲಸ. ಅದಕ್ಕೆ ಗಂಡಸರು ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ಬೈರಕೂರಿನ ಪಕ್ಕದ ಹಳ್ಳಿಯ ಆವಲಪ್ಪನನ್ನು ಕೇಳಬೇಕು. ಕೇಳಿದರೆ ಅವನು ಹೇಳುವುದಿಲ್ಲ; ಹಿಪ್ಪುನೇರಳೆ ತೋಟದಲ್ಲಿ ಏನೋ ಕೆಲಸ ನೆನಪಾದವನಂತೆ ಎದ್ದು ಹೋಗಿಬಿಡುತ್ತಾನೆ. ಆದ್ದರಿಂದ ನಾವೇ ಹೇಳಬೇಕಾಗಿದೆ.

ಆ ಕಡೆಯ ಪದ್ಧತಿ ಹೀಗೆ. ಧಾರೆ ಮುಗಿದು ಬೀಗರ ಊಟಕ್ಕೆ ಎಲೆ ಹಾಕಿದಾಗ ಗಂಡಿನ ಕಡೆಯವರು ಸಾಲಾಗಿ ಕೂರುತ್ತಾರೆ. ಹೆಣ್ಣಿನ ಕಡೆಯ ಹೆಂಗಸರು ಚಪ್ಪರದ ಕಂಬಗಳ ಹತ್ತಿರ ಗುಂಪಾಗಿ ನಿಂತು ಅವರನ್ನು ಹಾಡಿನಲ್ಲಿ ಜಾಡಿಸುತ್ತಾರೆ. ಗಂಡಿನ ಅಪ್ಪ ಕಳ್ಳ, ಚಿಕ್ಕಪ್ಪ ಠಕ್ಕ, ಸೋದರಮಾವ ಸಂತೆಯಲ್ಲಿ ಕುರಿ ಹಾರಿಸಿದವನು, ಗಂಡಿನ ಅವ್ವ ಬೆಕ್ಕಿಗಿಟ್ಟ ಹಾಲನ್ನೂ ಬಿಡದವಳು. ಅರ್ಧ ಕನ್ನಡ, ಅರ್ಧ ತೆಲುಗು. ಬೈಗುಳಕ್ಕೆ ಎರಡು ಭಾಷೆಯೂ ಸಾಲದು ಎನ್ನುವಷ್ಟು ಉತ್ಸಾಹ. ಬೈಸಿಕೊಂಡವರು ಮೀಸೆಯೊಳಗೇ ನಗುತ್ತಾ ಇನ್ನೊಂದು ಹೋಳಿಗೆಗೆ ಎಲೆ ತೋರಿಸುತ್ತಾರೆ. ಬೇರೆ ದಿನ ಆಡಿದರೆ ದೊಣ್ಣೆ ಹೊರಬರುವ ಮಾತುಗಳು ಆ ಹೊತ್ತಿನಲ್ಲಿ ನೆಂಟಸ್ತಿಕೆಯನ್ನು ಗಟ್ಟಿ ಮಾಡುತ್ತವೆ.

ಆವಲಪ್ಪನ ಮಗಳು ಆಂಜಿನಮ್ಮನ ಮದುವೆ ಗೊತ್ತಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗಂಡು ಮಾಲೂರಿನ ಕದಿರೇಶ. ಅವನ ಅಪ್ಪ ಕೋದಂಡರಾಮಪ್ಪ ಮಾಲೂರು ಪೇಟೆಯಲ್ಲಿ ಸಕ್ಕರೆ, ಸೀಮೆಎಣ್ಣೆಯ ಕಂಟ್ರೋಲ್ ಅಂಗಡಿ ಇಟ್ಟಿದ್ದವರು. ಸಂಬಂಧ ಕುದುರಿಸಿದವನು ಆವಲಪ್ಪನ ನೆರೆಮನೆಯ ಗಂಗುಲಪ್ಪ. ಆಗ ಅಕ್ಕಿಗೆ, ಸಕ್ಕರೆಗೆ, ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಬೇಕು. ಮದುವೆಯಲ್ಲಿ ಇಷ್ಟೇ ಜನ ಉಣ್ಣಬೇಕೆಂದೂ ಕಟ್ಟಳೆ. ಸಕ್ಕರೆಯ ಪರ್ಮಿಟ್ಟಿಗಾಗಿ ಆವಲಪ್ಪ ಕೋಲಾರಕ್ಕೆ ಹೋದ. ಪರ್ಮಿಟ್ಟು ಕೊಡುವ ಕಚೇರಿಯ ಜಗಲಿಯ ಮೇಲೆ, ಜವಾನನ ಸ್ಟೂಲಿನ ಪಕ್ಕದಲ್ಲಿ, ಬೆಳಗಿನಿಂದ ಕೂತ.

ಒಳಗೆ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು.

“ಒಳಗೇನಪ್ಪಾ ಗಲಾಟೆ?” ಎಂದು ಆವಲಪ್ಪ ಜವಾನನನ್ನು ಕೇಳಿದ.

“ಸಾಹೇಬರು ಯಾರೋ ಸಾಹುಕಾರನ್ನ ಬೈತಾ ಇದಾರೆ. ಇಂಗ್ಲಿಷಲ್ಲಿ.”

“ಏನಂತ?”

ಜವಾನ ಕಿವಿಯನ್ನು ಬಾಗಿಲಿಗೆ ತಿರುಗಿಸಿದ. “ಈಗ ಚೀಟ್ ಅಂದ್ರು. ಚೀಟ್ ಅಂದ್ರೆ ಮೋಸಗಾರ. ಇರು… ಹ್ಞಾ, ಫ್ರಾಡ್ ಅಂದ್ರು. ಅದೂ ಮೋಸಗಾರನೇ, ಆದ್ರೆ ಚೀಟ್‌ಗಿಂತ ಮೇಲಿನ ದರ್ಜೆ.”

“ಅದಕ್ಕೂ ಮೇಲೆ ಉಂಟಾ?”

“ಇಲ್ದೆ ಏನು? ಸ್ವಿಂಡ್ಲರ್ ಅಂತ ಒಂದಿದೆ. ಮನೆಗೆ ನುಗ್ಗಿದ ಅಂದ್ರೆ ಒಲೆಯ ಬೂದೀನೂ ಬಿಡಲ್ಲ. ಬೋಗಸ್ ಅಂತ ಇನ್ನೊಂದು, ಅದು ಮನುಷ್ಯನಿಗೂ ಆಗುತ್ತೆ, ಕಾಗದಕ್ಕೂ ಆಗುತ್ತೆ. ಆಮೇಲೆ ಹಂಬಗ್. ಹಂಬಗ್ ಅಂದ್ರೆ ತನ್ನ ಹತ್ರ ಇಲ್ಲದ್ದನ್ನ ಇದೆ ಅಂತ ತೋರಿಸ್ಕೊಂಡು ತಿರುಗೋನು.”

“ಅಂಥೋರೂ ಇರ್ತಾರಾ!” ಎಂದು ಆವಲಪ್ಪ ಬೆರಗಾದ. “ಅಲ್ಲಾ, ಮೋಸಕ್ಕೇ ಇಷ್ಟೊಂದು ಮಾತಾ? ನಮ್ಮಲ್ಲಿ ರಾಗಿಗೂ ಇಷ್ಟು ಹೆಸರಿಲ್ವಲ್ಲಪ್ಪಾ.”

“ಸುಮ್ಮನೆ ಅಷ್ಟು ದೂರದಿಂದ ಬಂದು ದೇಶ ಆಳ್ತಾರೇನಯ್ಯಾ?” ಎಂದ ಜವಾನ.

ಪರ್ಮಿಟ್ಟು ಸಿಕ್ಕಿತು. ಅದನ್ನು ಪಂಚೆಯ ತುದಿಗೂ, ಆ ಮಾತುಗಳನ್ನು ನಾಲಗೆಯ ತುದಿಗೂ ಕಟ್ಟಿಕೊಂಡು ಆವಲಪ್ಪ ಊರಿಗೆ ಹೊರಟ. ದಾರಿಯಲ್ಲಿ ಬಿದ್ದುಹೋಗದಿರಲೆಂದು ಅವನ್ನು ಒಂದೇ ಸಮನೆ ಜಪಿಸುತ್ತ ನಡೆದ. ಊರ ಮುಂದಿನ ಹುಣಸೆ ಮರದ ಕೆಳಗೆ ಗಂಗುಲಪ್ಪ ಎದುರಾಗಿ, “ಏನ್ಲಾ ಆವಲಾ, ಹೋದ ಕೆಲಸ ಏನಾಯ್ತು?” ಎಂದರೆ, ಬಾಯಿಗೆ ಬಂದದ್ದು “ಫ್ರಾಡು” ಎಂಬ ಮಾತು. ಗಂಗುಲಪ್ಪನ ಮುಖ ಸುಣ್ಣದಂತಾಯಿತು. ಮದುವೆಗೆಂದು ಪರ್ಮಿಟ್ಟಿಲ್ಲದ ಅಕ್ಕಿ ಅವನ ಅಟ್ಟದಲ್ಲೇ ಇತ್ತು. ಆವಲಪ್ಪ ಅದನ್ನು ಗಮನಿಸಲಿಲ್ಲ. ಮುಂದಿನ ಮಾತು ಮರೆತುಹೋಗುವುದರೊಳಗೆ ಮನೆ ಸೇರಬೇಕಿತ್ತು.

ಅವನ ಅಕ್ಕ ಅಕ್ಕಯಮ್ಮ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತ, ಹತ್ತಿರದ ಹೆಂಗಸರಿಗೆ ಬೀಗರ ಹಾಡು ಹೇಳಿಕೊಡುತ್ತಿದ್ದಳು. ಸುತ್ತಿನ ಊರುಗಳಲ್ಲಿ ಅಕ್ಕಯಮ್ಮನಂತೆ ಬೈಯುವವರಿರಲಿಲ್ಲ. ಶ್ರೀನಿವಾಸಪುರದ ಒಬ್ಬ ಬೀಗರು ಅವಳ ಬಾಯಿಂದ ಬೈಸಿಕೊಳ್ಳುವುದಕ್ಕೆಂದೇ ಎರಡನೆಯ ಮಗನಿಗೂ ಇದೇ ಊರಿನ ಹೆಣ್ಣು ತಂದಿದ್ದರು.

“ಅಕ್ಕಾ, ಹಾಡು ನಿಲ್ಸು,” ಎಂದ ಆವಲಪ್ಪ. “ಮಾಲೂರಿನೋರು ಅಂದ್ರೆ ದಿನಾ ರೈಲು ನೋಡೋರು. ಅವರನ್ನ ಬರೀ ಕಳ್ಳ ಅಂದ್ರೆ ಏನು ಮರ್ಯಾದೆ? ನಾನು ಕೋಲಾರದಿಂದ ಮಾತು ತಂದಿದೀನಿ.”

“ಸಕ್ಕರೆ ತರಕ್ಕಲ್ವೇನೋ ಹೋಗಿದ್ದು?”

“ಅದೂ ಆಯ್ತು. ಇದು ಅದಕ್ಕಿಂತ ಹೆಚ್ಚಿನದು. ಕೇಳು.” ಮಾತುಗಳನ್ನು ಒಂದೊಂದಾಗಿ ಬಿಚ್ಚಿದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅಕ್ಕಯಮ್ಮ ನಗಲಿಲ್ಲ. “ಬ್ಯಾಡ ಕಣೋ. ನಮ್ಮ ಬೈಗುಳ ಎಷ್ಟು ಉರಿಯುತ್ತೆ, ಎಲ್ಲಿ ತಣ್ಣಗಾಗುತ್ತೆ, ನಂಗೆ ಗೊತ್ತು. ಇದರ ಉರಿ ನಂಗೊತ್ತಿಲ್ಲ. ಉಣ್ಣಕ್ಕೆ ಕೂತೋರ ಎಲೆಗೆ ರುಚಿ ನೋಡದೆ ಇರೋದನ್ನ ಬಡಿಸ್ತಾರಾ?”

“ಉರಿ ನಂಗೊತ್ತು. ಅರ್ಥ ಪೂರಾ ಕೇಳ್ಕೊಂಡೇ ಬಂದಿದೀನಿ. ಊರಲ್ಲಿ ಯಾರೂ ಹಾಡಿಲ್ಲದ ಹಾಡು ಆಗುತ್ತೆ. ನಾಳೆ ಮಾಲೂರಲ್ಲೆಲ್ಲಾ ಹೇಳ್ಕೋತಾರೆ, ಏನು ಬೀಗರಪ್ಪಾ, ಇಂಗ್ಲಿಷಲ್ಲಿ ಬೈಸಿದ್ರು ಅಂತ!”

ಮಾಲೂರಿನವರು ಹೇಳಿಕೊಂಡದ್ದಂತೂ ನಿಜ.

ಅಕ್ಕಯಮ್ಮ ಸೊಪ್ಪು ಹಾಕುತ್ತಲೇ ಇದ್ದಳು. ಅಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಹುಡುಗಿ ಮೆಲ್ಲಗೆ ‘ಫ್ರಾಡು’ ಎಂಬುದನ್ನು ರಾಗಕ್ಕೆ ಕೂರಿಸಿಬಿಟ್ಟಳು. ಅದು ಹುಟ್ಟಿದ್ದೇ ಆ ರಾಗಕ್ಕಾಗಿ ಎಂಬಂತೆ ಕೂತಿತು. ಹೆಂಗಸರೆಲ್ಲ ಎತ್ತಿಕೊಂಡರು. ಹಾಡುವವಳಿಗೆ ರಾಗ ಕೂತ ಮೇಲೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಅಕ್ಕಯಮ್ಮನೂ ಸೋತಳು.

ಬೀಗರ ಊಟದ ದಿನ ಬಂತು. ಕಟ್ಟಳೆಗೆ ಮೀರಿದ ಜನ ಚಪ್ಪರದಡಿ ಕೂತಿದ್ದರು. ಗಂಗುಲಪ್ಪನ ಅಟ್ಟದ ಅಕ್ಕಿ ಹಂಡೆಯಲ್ಲಿ ಅನ್ನವಾಗಿತ್ತು. ಕೋದಂಡರಾಮಪ್ಪ ದೊಡ್ಡ ರುಮಾಲಿನ, ಸಣ್ಣ ದನಿಯ ಮನುಷ್ಯ. ಮುತ್ತುಗದ ಎಲೆಯ ಮುಂದೆ ಕೂತು, ಹೆಂಡತಿ ಶಾಮಲಮ್ಮ ಆಚೆ ಸಾಲಿನಲ್ಲಿ ಬೈಸಿಕೊಳ್ಳುವುದನ್ನು ಕೇಳಿ ಕೇಳಿ ನಗುತ್ತಿದ್ದರು. ತಮ್ಮ ಸರದಿ ಬಂದಾಗ ಮೊದಲ ನುಡಿಯಲ್ಲಿ ಕಳ್ಳ ಎನ್ನಿಸಿಕೊಂಡರು, “ಭಲೇ!” ಎಂದರು. ಎರಡನೆಯದರಲ್ಲಿ ಹಂದಿಗಳ್ಳ ಎನ್ನಿಸಿಕೊಂಡರು, ತುಪ್ಪ ಹಾಕಿಸಿಕೊಂಡರು. ಆವಲಪ್ಪ ಕಂಬದ ಹಿಂದಿನಿಂದ ಅಕ್ಕನಿಗೆ ಸನ್ನೆ ಮಾಡಿದ.

ಮಾಲೂರ್ ಬೀಗ ಬಂದಾನವ್ವ, ರುಮಾಲ್ ನೋಡೇ ಜೋರು,
ರುಮಾಲ್ ಬಿಚ್ಚಿ ನೋಡಿದ್ರೆ ಚೀಟು, ಫ್ರಾಡು ನೂರು!
ಅಂಗ್ಡಿ ಮುಂದೆ ಅಳೀತಾನೆ ಸೇರಿಗರ್ಧ ಸೇರು,
ಅಪ್ಪ ಬೋಗಸ್, ಮಗ ಬೋಗಸ್, ವಂಶ ಸ್ವಿಂಡ್ಲರು!

ಕೋದಂಡರಾಮಪ್ಪನ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು. ತುತ್ತು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವಾಗಿ ಎಲೆಗೆ ಉದುರಿತು. ಶಾಮಲಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಅದನ್ನು ನೋಡುವ ಪುರಸೊತ್ತು ಮಿಕ್ಕವರಿಗೆ ಇರಲಿಲ್ಲ. ಏಕೆಂದರೆ ಗಂಗುಲಪ್ಪ ಹಿತ್ತಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು, ‘ಫ್ರಾಡು’ ಎಂಬುದು ಕಿವಿಗೆ ಬಿದ್ದದ್ದೇ ತಡ, “ಅಮ್ಮೋ, ವಚ್ಚೇಸಿನಾರು! ಬಂದ್ರು! ಇನ್ಸ್‌ಪೆಕ್ಟರು ಬಂದ್ರು!” ಎಂದು ಕೂಗಿಕೊಂಡು ಒಳಗೆ ನುಗ್ಗಿದ. ಹಂಡೆಯ ಒಂದು ಕಿವಿ ಅವನು ಹಿಡಿದ, ಇನ್ನೊಂದನ್ನು ಅಡುಗೆಯವನು ಹಿಡಿದ. ಹೊಗೆಯಾಡುವ ಅನ್ನವನ್ನು ಹುಳುಮನೆಗೆ ಹೊತ್ತೊಯ್ದು, ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ಅದರ ಸುತ್ತ ತಡಿಕೆಯಂತೆ ನಿಲ್ಲಿಸಿದರು. ಲೆಕ್ಕಕ್ಕೆ ಮೀರಿದ ನೆಂಟರು ಎಲೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊಲದ ಬದಿಗೆ ಬಿದ್ದರು. ಬಡಿಸುತ್ತಿದ್ದವನೊಬ್ಬ ಸಾರಿನ ಬಕೆಟ್ಟು ಸಮೇತ ಮಾವಿನ ಮರ ಹತ್ತಿದ. ಜನ ಎದ್ದು ಓಡುವುದನ್ನು ಕಂಡ ವಾಲಗದವರು ಇದೇನೋ ಮುಹೂರ್ತ ಇರಬೇಕೆಂದು ಗಟ್ಟಿಮೇಳ ಊದಿಬಿಟ್ಟರು.

ಆ ವಾಲಗದ ನಡುವೆ ಕೋದಂಡರಾಮಪ್ಪ ಎಲೆ ಬಿಟ್ಟು ಎದ್ದರು.

ವಾಲಗ ನಿಂತಾಗ ಚಪ್ಪರದಲ್ಲಿ ಉಳಿದವರು ಕೆಲವೇ ಮಂದಿ. ಕೋದಂಡರಾಮಪ್ಪ ಎಂಜಲು ಕೈಯಲ್ಲೇ ನಿಂತು ಖಾಲಿ ಸಾಲುಗಳನ್ನು ನೋಡುತ್ತಿದ್ದರು. ತಮ್ಮ ಹೆಸರಿಗೆ ಆ ಮಾತು ಬಿದ್ದೊಡನೆ ಊರಿಗೆ ಊರೇ ತಮ್ಮ ಜೊತೆ ಉಣ್ಣಲೊಲ್ಲದೆ ಎದ್ದು ಹೋಯಿತೆಂದು ಅವರು ತಿಳಿದಿದ್ದರು. ಹಾಗಲ್ಲ ಎಂದು ಹೇಳಬೇಕಾದ ಗಂಗುಲಪ್ಪ ಚಂದ್ರಿಕೆಯ ಹಿಂದೆ ಹಂಡೆಯ ಜೊತೆ ಉಸಿರು ಬಿಗಿಹಿಡಿದು ಕೂತಿದ್ದ.

“ಬೀಗ್ರೇ, ಕೂತ್ಕೊಳಿ, ಕೂತ್ಕೊಳಿ,” ಎಂದು ಆವಲಪ್ಪ ಓಡಿ ಬಂದ. “ಅದು ಬೈಗುಳ ಅಲ್ಲ, ಇಂಗ್ಲಿಷು!”

ಕೋದಂಡರಾಮಪ್ಪ ಸಣ್ಣ ದನಿಯಲ್ಲೇ ಕೇಳಿದರು: “ಒಂದು ಮಾತು ಹೇಳಿ. ಅದರ ಅರ್ಥ ಗೊತ್ತಿದ್ದು ಹಾಡಿಸಿದ್ರಾ, ಗೊತ್ತಿಲ್ದೆ ಹಾಡಿಸಿದ್ರಾ?”

ಆವಲಪ್ಪನ ಹೆಂಡತಿ ಮುನಿಯಲ್ಲಮ್ಮ ಗಂಡನ ಹಿಂದೆ ನಿಂತು ಅವನ ಬೆನ್ನಿಗೆ ತಿವಿದಳು. ಅಕ್ಕಯಮ್ಮ ಕಂಬದ ಹತ್ತಿರದಿಂದ ತಲೆಯನ್ನು ಅಡ್ಡಡ್ಡ ಆಡಿಸಿದಳು. ಗೊತ್ತಿಲ್ಲ ಎಂಬ ಒಂದು ಮಾತು ಸಾಕಿತ್ತು. ಹಳ್ಳಿಯವರು, ಏನೋ ಕೇಳಿದ್ದರು, ಹಾಡಿದರು, ಎಂದು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಾಲೂರಿನವರೆಲ್ಲ ಎದುರಿಗೆ ನಿಂತಿರುವಾಗ ಗೊತ್ತಿಲ್ಲ ಎನ್ನುವುದಕ್ಕೆ ಆವಲಪ್ಪನ ನಾಲಗೆ ಒಪ್ಪಲಿಲ್ಲ.

“ಗೊತ್ತಿಲ್ದೆ ಹಾಡಿಸ್ತೀವಾ ಬೀಗ್ರೇ?” ಎಂದ. “ಒಂದೊಂದರ ಅರ್ಥಾನೂ ಕೋಲಾರದ ಕಚೇರೀಲೇ ಕೇಳ್ಕೊಂಡು ಬಂದಿದೀನಿ!”

“ಕಚೇರೀಲಿ,” ಎಂದರು ಕೋದಂಡರಾಮಪ್ಪ.

“ಕಚೇರೀಲೇ! ಸಾಹೇಬರ ಬಾಯಿಂದ ಬಂದ ಮಾತು!”

ಕೋದಂಡರಾಮಪ್ಪ ಕೈ ತೊಳೆದರು. ಗಾಡಿ ಕಟ್ಟಲು ಹೇಳಿದರು. “ತಾಳಿ ಬೀಳೋವರೆಗೂ ಕಾದು ಆಮೇಲೆ ಹಾಡಿಸಿದ್ರಿ. ಬುದ್ಧಿವಂತರು,” ಎಂದರು. “ಹುಡುಗಿ ಏನೂ ಮಾಡಿಲ್ಲ, ಅವಳು ನಮ್ಮ ಮನೆ ಸೊಸೆ. ಕರ್ಕೊಂಡು ಹೋಗ್ತೀವಿ. ಆದ್ರೆ ಅವಳಿಗೆ ಇನ್ನು ತೌರು ಅಂತ ಈ ಮನೆ ಇಲ್ಲ.”

ಮುನಿಯಲ್ಲಮ್ಮ ಅರಿಸಿನ ಕುಂಕುಮ ಹುಡುಕಿ ತರುವುದರೊಳಗೆ ಗಾಡಿ ಹೊರಟಿತ್ತು. ಮಡಿಲಕ್ಕಿ ಮೊರದಲ್ಲೇ ಉಳಿಯಿತು. ಆಂಜಿನಮ್ಮ ಗಾಡಿಯ ಹಿಂಬದಿಯಲ್ಲಿ ಕೂತು ಅಪ್ಪನನ್ನು ನೋಡುತ್ತಿದ್ದಳು. ಅಳಬೇಕೋ ಬೇಡವೋ ಎಂದು ತಿಳಿಯದ ಮುಖ. ಹೆಣ್ಣನ್ನು ಒಪ್ಪಿಸುವಾಗ ಹಾಡಬೇಕಾದ ಹಾಡು ಅಕ್ಕಯಮ್ಮನಿಗೆ ಬಾಯಿಗೇ ಬರಲಿಲ್ಲ.

ಅಂದಿನ ಸಂಜೆ ಹುಳುಮನೆಯಿಂದ ಹೊರಬಂದ ಗಂಗುಲಪ್ಪನನ್ನು ಹತ್ತು ಜನ ಸುತ್ತುಗಟ್ಟಿ ಕೇಳಿದರು. “ನಂದೇನು ತಪ್ಪು?” ಎಂದ ಅವನು. “ಇಂಗ್ಲಿಷು ಕೇಳಿಸ್ತು. ನಮ್ಮೂರಿಗೆ ಇಂಗ್ಲಿಷು ಬರೋದು ಇನ್ಸ್‌ಪೆಕ್ಟರ್ ಬಾಯಲ್ಲಿ. ಆಂಜಿನಮ್ಮನ ಮದುವೇಲಿ ಅಕ್ಕಯಮ್ಮನ ಬಾಯಲ್ಲಿ ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ?”

ಆವಲಪ್ಪನ ಮನೆಯಲ್ಲಿ ಆಮೇಲೆ ಮಾತು ಕಡಿಮೆಯಾಯಿತು. ಮುನಿಯಲ್ಲಮ್ಮ ಮುದ್ದೆ ಹಾಕಿ ಸಾರು ಹಾಕುವುದನ್ನು ಮರೆಯತೊಡಗಿದಳು. ಆವಲಪ್ಪ ಬರೀ ಮುದ್ದೆಯನ್ನು ನೀರಿನ ಜೊತೆ ನುಂಗಿ ಏಳುತ್ತಿದ್ದ. ಸಾರು ಕೇಳುವ ಮುಖ ಅವನಿಗೆ ಉಳಿದಿರಲಿಲ್ಲ. ಯುಗಾದಿಗೆ ಮಗಳು ಬರಲಿಲ್ಲ. ಆಷಾಢ ಹತ್ತಿರವಾಯಿತು. ಹೊಸ ಸೊಸೆ ಆಷಾಢದಲ್ಲಿ ತೌರಿನಲ್ಲಿರಬೇಕು. ಆ ತಿಂಗಳೂ ಕಳಿಸಲಿಲ್ಲವೆಂದರೆ ಸಂಬಂಧ ಕಡಿದಂತೆಯೇ ಎಂದು ನೀರಿನ ಬಾವಿಯ ಹತ್ತಿರ ಹೆಂಗಸರು ಮುನಿಯಲ್ಲಮ್ಮನಿಗೆ ಕೇಳಿಸುವ ಹಾಗೆಯೇ ಮಾತಾಡಿಕೊಂಡರು.

ಆಗ ಆವಲಪ್ಪನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗಲೆಲ್ಲ ಮನೆಯವರಿಗೆ ಎದೆ ನಡುಗುತ್ತಿತ್ತು. ಆದ್ದರಿಂದ ಅವನು ಯಾರಿಗೂ ಹೇಳದೆ ಗಂಗುಲಪ್ಪನನ್ನು ಕರೆದುಕೊಂಡು ಮಾಲೂರಿಗೆ ಹೋದ.

ಕೋದಂಡರಾಮಪ್ಪನ ಅಂಗಡಿಯ ಮುಂದೆ ಸೀಮೆಎಣ್ಣೆಗೆ ಜನ ಬಾಟಲಿ, ಡಬ್ಬ ಹಿಡಿದು ಸಾಲು ನಿಂತಿದ್ದರು. ಕೋದಂಡರಾಮಪ್ಪ ಅಳೆದು ಕೊಡುತ್ತಿದ್ದರು. ಆವಲಪ್ಪ ಸಾಲನ್ನು ದಾಟಿ, ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಕಟ್ಟಿದ. ಬೀಗರಿಗೆ ಅಂದ ಮಾತನ್ನು ಬಹಿರಂಗವಾಗಿ ತನ್ನ ಮೇಲೆ ಹಾಕಿಕೊಂಡರೆ ಲೆಕ್ಕ ಸರಿಹೋಗುತ್ತದೆಂಬುದು ಉಪಾಯ. ಎದೆ ತುಂಬಾ ಉಸಿರು ತೆಗೆದುಕೊಂಡು ಕೂಗಿದ:

“ಚೀಟು! ಫ್ರಾಡು! ಬೋಗಸ್ಸು! ಸ್ವಿಂಡ್ಲರು!”

ಅದು ನಾನು ಎಂಬುದನ್ನು ಮೊದಲು ಹೇಳಬೇಕಿತ್ತು. ಅವನು ಕೊನೆಗಿಟ್ಟುಕೊಂಡಿದ್ದ.

ಕೊನೆ ಬರುವುದರೊಳಗೆ ಸಾಲು ಮುರಿಯಿತು. “ಮತ್ತೆ ಶುರುವಾಯ್ತಾ?” ಎಂದಳು ಒಬ್ಬಳು ಮುದುಕಿ. “ಅಂಗಡಿ ಮುಚ್ಚಿಸ್ತಾರಂತೆ, ಎಣ್ಣೆ ಬೇಗ ಹಿಡ್ಕೊಳ್ರೋ!” ಎಂದು ಹಿಂದಿನವರು ನುಗ್ಗಿದರು. “ಈ ಸಲ ಹಳ್ಳಿಯೋರ ವೇಷದಲ್ಲಿ ಆಫೀಸರನ್ನ ಕಳಿಸವ್ರೆ ಕಣ್ರೋ,” ಎಂದು ಯಾರೋ ಆವಲಪ್ಪನ ಪಂಚೆಯನ್ನೂ ಕಾಲನ್ನೂ ನೋಡಿ ಹೇಳಿದರು. ಎದುರಂಗಡಿಯವನು ತನ್ನ ಬಾಗಿಲ ಹಲಗೆಗಳನ್ನು ಹಾಕತೊಡಗಿದ. “ನಾನೇ! ನಾನೇ!” ಎಂದು ಆವಲಪ್ಪ ಎದೆ ಬಡಿದುಕೊಂಡ. “ಇವರೇ ಅಂತೆ! ಇವರೇ ಆಫೀಸರಂತೆ!” ಎಂದು ಜನ ಅವನಿಗೆ ದಾರಿ ಬಿಟ್ಟು ಕೈ ಮುಗಿದರು. ಗಂಗುಲಪ್ಪ ಅಭ್ಯಾಸಬಲದಿಂದ ಎಲ್ಲಿಯೋ ಮಾಯವಾಗಿದ್ದ.

ಕೋದಂಡರಾಮಪ್ಪ ಅಳತೆಯ ಪಾತ್ರೆಯನ್ನು ಕೆಳಗಿಟ್ಟರು. ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಹೋಗಿ ಕೂತರು.

ಶಾಮಲಮ್ಮ ಹಿತ್ತಲ ಬಾಗಿಲಿನಿಂದ ಬಂದು ಆವಲಪ್ಪನನ್ನು ಒಳಗೆ ಕರೆದಳು. ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿ, ಒಂದು ಲೋಟ ಮಜ್ಜಿಗೆ ಕೊಟ್ಟಳು. ಒಳಗೆ ಆಂಜಿನಮ್ಮ ಬೆನ್ನು ತಿರುಗಿಸಿ ರಾಗಿ ಕೇರಲು ಕೂತಿದ್ದಳು. ಮೊರ ಮಾತ್ರ ನಿಂತಿತ್ತು.

“ನಿಮಗೆ ನಿಜವಾಗ್ಲೂ ಗೊತ್ತಿರಲಿಲ್ವಾ ಅಣ್ಣಾ?” ಎಂದು ಶಾಮಲಮ್ಮ ಕೇಳಿದಳು.

“ಏನಮ್ಮಾ?”

“ಹೋದ ವರ್ಷ ಯಾರೋ ಹೊಟ್ಟೆಕಿಚ್ಚಿಗೆ ಇವರ ಮೇಲೆ ದೂರು ಕೊಟ್ರು, ಅಳತೇಲಿ ಮೋಸ ಮಾಡ್ತಾರೆ ಅಂತ. ಯಾರೋ ಅಧಿಕಾರಿ ಬಂದ. ಇದೇ ಅಂಗಡಿ ಮುಂದೆ, ಪೇಟೆ ಜನ ಎಲ್ಲಾ ನಿಂತಿದ್ದಾಗ, ಇಂಗ್ಲಿಷಲ್ಲಿ ಅಂದ. ನೀವು ಹಾಡಿಸಿದ ಮಾತುಗಳೇ. ಇವರಿಗೆ ಅರ್ಥ ಆಗಲಿಲ್ಲ. ಬೈದೋನು ಹೋದ ಮೇಲೆ ಸ್ಟೇಷನ್ ಮಾಸ್ಟರ ಮನೆಗೆ ಹೋಗಿ, ಹಿಂಗಂದ್ರೆ ಏನು ಸ್ವಾಮಿ ಅಂತ ಕೇಳ್ಕೊಂಡು ಬಂದ್ರು. ಆಮೇಲೆ ಅಳತೆ ನೋಡಿದ್ರು, ಎಲ್ಲಾ ಸರಿ ಇತ್ತು. ಅದನ್ನ ಮಾತ್ರ ಯಾರೂ ಪೇಟೇಲಿ ನಿಂತು ಕೂಗಿ ಹೇಳಲಿಲ್ಲ. ಇವರು ಎಷ್ಟೋ ದಿನ ಹೊರಗೆ ಬರಲಿಲ್ಲ. ಗಂಗುಲಪ್ಪನಿಗೆ ಎಲ್ಲಾ ಹೇಳಿದ್ವಿ, ಹೆಣ್ಣಿನ ಕಡೆಯೋರಿಗೆ ತಿಳಿಸಪ್ಪಾ ಅಂತ.”

ಗಂಗುಲಪ್ಪ ತಿಳಿಸಿರಲಿಲ್ಲ. ಸಂಬಂಧ ಎಲ್ಲಿ ಮುರಿದೀತೋ ಎಂದು ನುಂಗಿಕೊಂಡಿದ್ದ.

“ನಿಮ್ಮನೇಲಿ ಕಳ್ಳ ಅಂದಾಗ ಎಷ್ಟು ನಗ್ತಾ ಇದ್ರು ನೋಡಿದ್ರಲ್ಲ?” ಎಂದಳು ಶಾಮಲಮ್ಮ. “ವರ್ಷಕ್ಕೆ ಅವತ್ತೇ ಮೊದಲು ಅವರು ನಕ್ಕಿದ್ದು.”

ಆವಲಪ್ಪ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. “ನಂಗೆ ಅರ್ಥ ಪೂರಾ ಗೊತ್ತು ಅಂದ್ಕೊಂಡಿದ್ದೆ ತಾಯೀ,” ಎಂದ.

“ಆಷಾಢಕ್ಕೆ ಹುಡುಗೀನ ಕಳಿಸ್ತೀನಿ. ಅವರನ್ನ ನಾನು ಒಪ್ಪಿಸ್ತೀನಿ. ನೀವು ಒಂದೇ ಒಂದು ಉಪಕಾರ ಮಾಡಿ ಅಣ್ಣಾ. ಇನ್ನು ಅವರ ಮುಂದೆ ಏನೂ ಮಾತಾಡ್ಬೇಡಿ.”

ಆವಲಪ್ಪ ಒಪ್ಪಿದ. ಜನ್ಮದಲ್ಲಿ ಮೊದಲ ಸಲ ಹೇಳಿದ್ದನ್ನು ಹೇಳಿದ ಹಾಗೆಯೇ ನಡೆಸಬೇಕೆಂದು ಮನಸ್ಸು ಮಾಡಿದ. ಕಷ್ಟವಾದದ್ದು ಅದರಿಂದಲೇ.

ಆಂಜಿನಮ್ಮ ಆಷಾಢಕ್ಕೆ ಬಂದಳು. ಮನೆಯಲ್ಲಿ ಮತ್ತೆ ಸಾರು ಕಾಣಿಸಿಕೊಂಡಿತು. ಅವಳು ಮಾಲೂರಿನ ಬಗ್ಗೆ ದೂರು ಹೇಳಲಿಲ್ಲ; ಅತ್ತೆ ಒಳ್ಳೆಯವರು ಎಂದಳು, ಗಂಡನೂ ಒಳ್ಳೆಯವನು ಎಂದಳು. ಮಾವನ ಮಾತು ಬಂದಾಗ, “ಅವರು ನನ್ನ ಕೂಡ ಏನೂ ಅನ್ನಲ್ಲ ಅತ್ತೆ. ಯಾರಿಗೂ ಏನೂ ಅನ್ನಲ್ಲ,” ಎಂದು ಸೋದರತ್ತೆ ಅಕ್ಕಯಮ್ಮನಿಗೆ ಹೇಳಿದಳು. ತಿಂಗಳು ಕಳೆದು ಶ್ರಾವಣ ಹುಟ್ಟಿತು. ಸೊಸೆಯನ್ನು ಕರೆದುಕೊಂಡು ಹೋಗಲು ಮಗ ಬರುತ್ತಾನೆಂದು ಎಲ್ಲರೂ ಕಾದಿದ್ದರೆ, ಬೆಳಗಿನ ಬಸ್ಸಿನಿಂದ ಇಳಿದವರು ಕೋದಂಡರಾಮಪ್ಪ.

ಊರವರು ಮಕ್ಕಳನ್ನು ಒಳಗೆ ಎಳೆದುಕೊಂಡರು, ಏನಾದರೂ ಅಂದುಬಿಟ್ಟಾರೆಂದು. ಬೀದಿಯ ನಾಯಿಯನ್ನು ಗದರಿಸಲೂ ಯಾರಿಗೂ ಧೈರ್ಯ ಬರಲಿಲ್ಲ. ಆವಲಪ್ಪ ಜಗಲಿಯ ಮೇಲೆ ಚಾಪೆ ಹಾಸಿ, ತಾನು ನೆಲದ ಮೇಲೆ ಕೂತ. ಕೋದಂಡರಾಮಪ್ಪ ಮಳೆ ಹೇಗೆ ಎಂದರು. ಆವಲಪ್ಪ ತಲೆಯಾಡಿಸಿದ. ರಾಗಿ ಹೇಗೆ ಎಂದರು. ತಲೆಯಾಡಿಸಿದ. ಬಾಯಿ ತೆಗೆಯಬಾರದೆಂದು ಮಾತು ಕೊಟ್ಟಾಗಿತ್ತು. ಕೋದಂಡರಾಮಪ್ಪ ಊಟ ಮಾಡಿದರು, ಚೆನ್ನಾಗಿದೆ ಎಂದರು. ಮಗಳ ಗಂಟು ಕಟ್ಟಿ ಆಯಿತು. ಮುನಿಯಲ್ಲಮ್ಮ ಈ ಸಲ ಮಡಿಲು ತುಂಬಿದಳು.

ಹೊರಡುವ ಮುಂಚೆ ಕೋದಂಡರಾಮಪ್ಪ ಅಂಗಳದಲ್ಲಿ ಚಂದ್ರಿಕೆಗಳ ಮುಂದೆ ನಿಂತರು. ಹಳದಿಯ ರೇಷ್ಮೆಗೂಡುಗಳು ಒತ್ತಾಗಿ ಕಟ್ಟಿದ್ದವು. ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, ಬಲು ದಿನದಿಂದ ತೆಗೆಯದ ಬಾಗಿಲನ್ನು ತೆಗೆಯುವವರ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು:

“ಏನ್ ಬೀಗ್ರೇ, ಒಳ್ಳೆ ಗೂಡೆಲ್ಲಾ ಒಳಗೆ ಬಚ್ಚಿಟ್ಟು ನಂಗೆ ಪೊಳ್ಳು ತೋರಿಸ್ತಾ ಇದೀರೇನು? ಎಂಥಾ ಕಳ್ಳ ಬೀಗ ಗಂಟುಬಿದ್ದನಲ್ಲಪ್ಪಾ ನಂಗೆ!”

ಬಾಗಿಲ ಹಿಂದೆ ಅಕ್ಕಯಮ್ಮನ ಮುಖದಲ್ಲಿ ನಗು ಹುಟ್ಟಿತು. ಆಂಜಿನಮ್ಮ ತಲೆ ಎತ್ತಿದಳು. ಕಳ್ಳ ಎಂದಾಗಿದೆ, ಇನ್ನು ಆವಲಪ್ಪ, ನಾನು ಕಳ್ಳನಾದರೆ ನೀನು ಕಳ್ಳರ ಗುರು ಕಣಯ್ಯಾ, ಎಂದುಬಿಟ್ಟರೆ ಮುಗಿಯಿತು. ಆರು ತಿಂಗಳ ಮುನಿಸು ಅಲ್ಲೇ ಅಂಗಳದಲ್ಲಿ ಕರಗಿಹೋಗುತ್ತದೆ. ಕೋದಂಡರಾಮಪ್ಪನ ಮೀಸೆಯ ತುದಿ ಆಗಲೇ ಅಲುಗುತ್ತಿತ್ತು.

ಆವಲಪ್ಪ ಎದ್ದು ನಿಂತ. ಬಾಯಿ ತೆಗೆದ. ಬಾಯಿಗೆ ಬಂದ ಪ್ರತಿಯೊಂದು ಮಾತಿಗೂ ಸೀಮೆಎಣ್ಣೆಯ ಸಾಲು ಚದುರಿದ್ದು ಅವನ ಕಣ್ಣ ಮುಂದೆ ಬಂತು. ಹೆಗಲ ಟವಲು ತೆಗೆದು ಕಂಕುಳಿಗೆ ಇಟ್ಟುಕೊಂಡು, ಕೈ ಮುಗಿದು ಹೇಳಿದ:

“ಇಲ್ಲ ಸ್ವಾಮೀ. ಇರೋದೆಲ್ಲಾ ಇಷ್ಟೇ. ಬೇಕಾದ್ರೆ ತಾವು ಒಳಗೆ ಬಂದು ನೋಡ್ಬಹುದು.”

ಕೋದಂಡರಾಮಪ್ಪನ ಮೀಸೆ ನಿಂತಿತು.

“ಇರ್ಲಿ ಬಿಡಿ,” ಎಂದರು. “ನಾನು ಸುಮ್ಮನೆ ಅಂದೆ.” ಕೊಡೆ ಎತ್ತಿಕೊಂಡು, “ಬರ್ತೀವಿ,” ಎಂದು ಎಲ್ಲರಿಗೂ ಕೈ ಮುಗಿದು ಸೊಸೆಯ ಮುಂದೆ ನಡೆದರು.

ಅವರು ಬೀದಿಯ ತಿರುವು ದಾಟಿದ ಮೇಲೆ ಅಕ್ಕಯಮ್ಮ ಹಣೆ ಚಚ್ಚಿಕೊಂಡು ಹೊರಗೆ ಬಂದಳು. “ಲೇ ಪಾಪೀ! ಅಷ್ಟು ದೊಡ್ಡ ಮನುಷ್ಯ ತಾನಾಗಿ ಬಂದು ನಿನ್ನ ಕಳ್ಳ ಅಂದ್ರು ಕಣೋ! ಕೈ ಮುಗೀತಾರೇನೋ ಅದಕ್ಕೆ?”

“ಮಾತಾಡಲ್ಲ ಅಂತ ಮಾತು ಕೊಟ್ಟಿದ್ದೆ ಅಕ್ಕಾ…”

“ಅದು ಇಂಗ್ಲಿಷಿಗೆ ಕಣೋ ಮುಂಡೇದೇ! ಓಡು! ಬಸ್ಸು ಬರೋದ್ರೊಳಗೆ ಹೋಗಿ ಅವರನ್ನ ಬೈದು ಬಾ!”

ಆವಲಪ್ಪ ಓಡಿದ. ರಸ್ತೆ ಮುಟ್ಟುವಾಗ ಬಸ್ಸು ಹೊರಟುಬಿಟ್ಟಿತ್ತು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು; ಬೆನ್ನಿಗೆ ಒಲೆ ಕಟ್ಟಿಕೊಂಡು ಕೆಮ್ಮುತ್ತ ಏರು ಹತ್ತುತ್ತಿತ್ತು. ಆದ್ದರಿಂದ ಆವಲಪ್ಪನಿಗೆ ಅದರ ಹಿಂದೆಯೇ ಸ್ವಲ್ಪ ದೂರ ಓಡಲು ಸಾಧ್ಯವಾಯಿತು.

“ಬೀಗ್ರೇ!” ಎಂದು ಹೊಗೆಯೊಳಗಿನಿಂದ ಕೂಗಿದ. “ನೀವು ಕಳ್ರು! ನಿಮ್ಮಪ್ಪ ಕಳ್ಳ! ನಿಮ್ಮ ತಾತ ಮಾಲೂರಿಗೇ ದೊಡ್ಡ ಕಳ್ಳ! ಬೀಗ್ರೇ!”

ಕಿಟಕಿಯಲ್ಲಿ ಆಂಜಿನಮ್ಮನ ಮುಖ ಕಾಣಿಸಿತು. ಬಸ್ಸಿನ ಗದ್ದಲದಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ. ಅಪ್ಪ ಕಳಿಸಿಕೊಡಲು ಇಲ್ಲಿಯವರೆಗೂ ಓಡಿ ಬಂದನಲ್ಲ ಎಂದು ಅವಳ ಕಣ್ಣು ತುಂಬಿತು. ಕೈ ಹೊರಗೆ ಹಾಕಿ ಬೀಸಿದಳು. ಅವಳ ಮುಂದಿನ ಸೀಟಿನಲ್ಲಿ ದೊಡ್ಡ ರುಮಾಲೊಂದು ಕಾಣುತ್ತಿತ್ತು. ಅದು ತಿರುಗಲಿಲ್ಲ. ಏರು ಮುಗಿದು ಇಳಿಜಾರು ಸಿಕ್ಕಿದ ಮೇಲೆ ಬಸ್ಸು ಓಟ ಹಿಡಿಯಿತು.

ಆವಲಪ್ಪ ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತ ನಿಂತ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕುರುಪಿ ಕೆಳಗಿಟ್ಟು ಎದ್ದು ನಿಂತಿದ್ದರು.

“ಯಾರಣ್ಣಾ ಕಳ್ರು?” ಎಂದು ಒಬ್ಬಳು ಗಾಬರಿಯಿಂದ ಕೇಳಿದಳು. “ಏನು ಹೊತ್ಕೊಂಡು ಹೋದ್ರು?”

“ಯಾರೂ ಏನೂ ಹೊತ್ಕೊಂಡು ಹೋಗಿಲ್ಲಮ್ಮ,” ಎಂದ ಆವಲಪ್ಪ ಟವಲಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ. “ನಮ್ಮ ಬೀಗರು. ಬಲು ಮರ್ಯಾದಸ್ಥರು.”